ಬೆಂಕಿಗೆ ಇಳಿದ ರಾಮ

ಬೆಂಕಿಯಲ್ಲಿ ಬೆಂದರೆ ಚಿನ್ನಕ್ಕೆ ಹೊಳಪು ಹೆಚ್ಚುತ್ತದೆ ಎಂಬ ಮಾತನ್ನು ಕೇಳದೆ ಬೆಳೆದ ಕನ್ನಡಿಗರು ಕಡಿಮೆ. ಪರೀಕ್ಷೆಯಲ್ಲಿ ಫೇಲಾದ ಹುಡುಗನಿಗೆ, ಕೆಲಸ ಕಳೆದುಕೊಂಡವನಿಗೆ, ಮಗುವನ್ನು ಮಣ್ಣು ಮಾಡಿ ಬಂದ ತಾಯಿಗೆ, ಎಲ್ಲರಿಗೂ ಇದನ್ನೇ ಹೇಳುತ್ತೇವೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಈ ಮಾತಿನಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ಅದೇ ಬೆಂಕಿಗೆ ಸೌದೆ ಬಿದ್ದರೆ ಬೂದಿಯಾಗುತ್ತದೆ. ಯಾರು ಚಿನ್ನ, ಯಾರು ಸೌದೆ ಎಂದು ಈ ಮಾತು ಹೇಳುವುದಿಲ್ಲ. ಬೆಂಕಿ ಹಚ್ಚಿದವರು ಯಾರೆಂದು ಕೇಳುವುದೂ ಇಲ್ಲ.

ಈ ಎರಡು ಪ್ರಶ್ನೆಗಳನ್ನು ಜೊತೆಗಿಟ್ಟುಕೊಂಡು ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಓದಬಹುದು. ಆ ಕಾವ್ಯದಲ್ಲಿ ಬೆಂಕಿ ಮತ್ತೆ ಮತ್ತೆ ಬರುತ್ತದೆ. ಮಂಥರೆಯನ್ನು ನುಂಗುವ ಕಾಡ್ಗಿಚ್ಚು ಒಂದು, ಹನುಮಂತ ಹಚ್ಚಿದ ಲಂಕೆಯ ಬೆಂಕಿ ಇನ್ನೊಂದು, ಕೊನೆಗೆ ಸೀತೆಯ ಮುಂದೆ ಉರಿಯುವ ಚಿತೆ. ಬೆಂಕಿಗೆ ಬಿದ್ದವರೆಲ್ಲ ಒಂದೇ ರೀತಿ ಹೊರಬರುವುದಿಲ್ಲ. ಸಂಕಟ ಮನುಷ್ಯನನ್ನು ಯಾವಾಗ ಬೆಳೆಸುತ್ತದೆ, ಯಾವಾಗ ಬರೀ ಸುಡುತ್ತದೆ ಎಂಬ ವಿಚಾರದಲ್ಲಿ ಈ ಕಾವ್ಯಕ್ಕೆ ಖಚಿತವಾದ ನಿಲುವಿದೆ ಎಂದು ನನಗೆ ಅನಿಸುತ್ತದೆ. ಆ ನಿಲುವು ನಾವು ಸಾಮಾನ್ಯವಾಗಿ ತರಗತಿಯಲ್ಲಿ ಹೇಳಿಕೊಳ್ಳುವುದಕ್ಕಿಂತ ಕಟುವಾದದ್ದು.

ಕಾವ್ಯದ ಹೊರಗಿನ ವಿವರಗಳು ಬಹುಪಾಲು ಓದುಗರಿಗೆ ಗೊತ್ತು. ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕುವೆಂಪು 1936ರಲ್ಲಿ ಇದನ್ನು ಆರಂಭಿಸಿ 1946ರಲ್ಲಿ ಮುಗಿಸಿದರು. 1949ರಲ್ಲಿ ಮೊದಲ ಭಾಗ ಅಚ್ಚಾಯಿತು. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1967ರ ಸಾಲಿನ ಜ್ಞಾನಪೀಠ ಇದಕ್ಕೇ ಬಂದವು. ಅಯೋಧ್ಯಾ, ಕಿಷ್ಕಿಂಧಾ, ಲಂಕಾ, ಶ್ರೀ ಎಂಬ ನಾಲ್ಕು ಸಂಪುಟ, ಐವತ್ತು ಸಂಚಿಕೆ, ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸಾಲು. ಬರೆಯುತ್ತಿದ್ದ ಆ ಹತ್ತು ವರ್ಷಗಳಲ್ಲಿ ಹೊರಗೆ ಎರಡನೆಯ ಮಹಾಯುದ್ಧ ನಡೆದುಹೋಯಿತು. ಅವರನ್ನು ಕೈಹಿಡಿದು ನಡೆಸಿದ ಗುರು ಟಿ. ಎಸ್. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಕಾವ್ಯ ಅವರಿಗೇ ಅರ್ಪಿತವಾಗಿದೆ. ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ ಮದುವೆಗೆ ಮುಂಚೆ ಹಲವು ವರ್ಷ ಕಳೆದ, 1929ರಲ್ಲಿ ಬೇಲೂರು ಮಠದ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದ ಕವಿ ಇವರು. ಅವರ ಪಾಲಿಗೆ ತಪಸ್ಸು, ಸಾಧನೆ, ಸಿದ್ಧಿ ಎಂಬ ಮಾತುಗಳು ಅಲಂಕಾರಕ್ಕೆ ಬಂದವಲ್ಲ. ಬದುಕಿನಲ್ಲಿ ಬಳಸಿದ ಮಾತುಗಳು.

ಈ ಕಾವ್ಯದ ಬಗ್ಗೆ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ನಾವು ಬರೆಯುವ ಉತ್ತರ ಒಂದಿದೆ. ಕುವೆಂಪು ಅವರದು ಪೂರ್ಣದೃಷ್ಟಿ, ಇಲ್ಲಿ ಯಾರೂ ಪೂರ್ತಿ ಕೆಟ್ಟವರಲ್ಲ, ಪಾಪಿಗೂ ಉದ್ಧಾರವಿದೆ, ಮಂಥರೆಯೂ ರಾವಣನೂ ಸಂಕಟದಲ್ಲಿ ಬೆಂದು ಶುದ್ಧರಾಗುತ್ತಾರೆ. ಉತ್ತರ ತಪ್ಪಲ್ಲ, ಅಂಕವೂ ಬರುತ್ತದೆ. ಆದರೆ ಸಂಕಟವೇ ಶುದ್ಧಿ ಮಾಡುತ್ತದೆ ಎಂದಾದರೆ ಲಂಕೆಯ ತುಂಬ ಋಷಿಗಳೇ ಇರಬೇಕಿತ್ತು. ಅಲ್ಲಿ ಸಂಕಟಪಡದವರು ಯಾರಿದ್ದಾರೆ? ಬದಲಾದವರು ಕೆಲವರೇ. ಹಾಗಾದರೆ ಆ ಕೆಲವರಲ್ಲಿ ನಡೆದದ್ದೇನು?

ಮಂಥರೆಯಿಂದ ಶುರು ಮಾಡೋಣ. ವಾಲ್ಮೀಕಿಯಲ್ಲಿ ಅವಳು ಕತೆಯನ್ನು ಕಾಡಿನ ಕಡೆಗೆ ತಿರುಗಿಸಿ ಮರೆಯಾಗುವ ದಾಸಿ. ಕುವೆಂಪು ಅವಳಿಗೆ ಒಂದು ಇಡೀ ಸಂಚಿಕೆ ಕೊಟ್ಟು, ಅವಳನ್ನು 'ಮಮತೆಯ ಸುಳಿ' ಎಂದು ಕರೆದರು. ಅನಾಥೆ, ಗೂನುಬೆನ್ನಿನವಳು, ಕಂಡವರ ತಿರಸ್ಕಾರ ಉಂಡು ಬೆಳೆದವಳು. ಕೈಕೆಯ ಮೇಲೆ, ಭರತನ ಮೇಲೆ ಇಟ್ಟ ಪ್ರೀತಿಯೊಂದೇ ಅವಳ ಆಸ್ತಿ. ಹುಟ್ಟಿದಂದಿನಿಂದ ಅನುಭವಿಸಿದ ನೋವು ಅವಳನ್ನು ದೊಡ್ಡವಳನ್ನಾಗಿ ಮಾಡಲಿಲ್ಲ ಎಂಬುದನ್ನು ಗಮನಿಸಬೇಕು. ಆ ನೋವು ಅವಳ ಲೋಕವನ್ನು ಇಬ್ಬರಷ್ಟಕ್ಕೆ ಕುಗ್ಗಿಸಿತು. ಆ ಇಬ್ಬರ ಹೊರಗೆ ಇರುವವರೆಲ್ಲ ಅವಳಿಗೆ ಹಗೆಗಳೋ ನೆರಳುಗಳೋ ಆದರು. ಸುಳಿ ಎಂಬ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬಹುದು. ಸುಳಿಯಲ್ಲಿ ನೀರು ತನ್ನ ಸುತ್ತಲೇ ತಿರುಗುತ್ತದೆ, ಸಿಕ್ಕಿದ್ದನ್ನು ಒಳಕ್ಕೆ ಎಳೆಯುತ್ತದೆ, ಮುಂದಕ್ಕೆ ಹರಿಯುವುದಿಲ್ಲ.

ಅವಳು ಬದಲಾಗುವುದು ಯಾವಾಗ? ಭರತ ಊರಿಗೆ ಬಂದು, ತನಗಾಗಿ ಸಂಪಾದಿಸಿಟ್ಟ ರಾಜ್ಯವನ್ನು ಒದ್ದು, ಅಣ್ಣನಿಗಾಗಿ ಗೋಳಿಟ್ಟಾಗ. ಯಾರಿಗೆ ಒಳ್ಳೆಯದಾಗಲಿ ಎಂದು ಇಷ್ಟೆಲ್ಲ ಮಾಡಿದಳೋ ಅವನ ಎದೆಯೇ ಒಡೆದದ್ದು ಕಂಡಾಗ. ಆಗ ಅವಳು ತನ್ನ ಗತಿಗಾಗಿ ಅಳುತ್ತಾ ಮೂಲೆ ಸೇರುವುದಿಲ್ಲ. ರಾಮನನ್ನು ತಾನೇ ಮರಳಿ ಕರೆತರುತ್ತೇನೆಂದು ಕಾಡಿಗೆ ಹೊರಡುತ್ತಾಳೆ, ಕಾಡ್ಗಿಚ್ಚಿಗೆ ಸಿಕ್ಕಿ ಸಾಯುತ್ತಾಳೆ. ಬೆಂಕಿ ಅವಳನ್ನು ಶುದ್ಧ ಮಾಡಿತು ಎಂದು ಹೇಳುವುದು ಸುಲಭ. ಆದರೆ ಬೆಂಕಿ ಸಿಕ್ಕುವ ಹೊತ್ತಿಗೆ ಅವಳು ಆಗಲೇ ದಾರಿಯಲ್ಲಿದ್ದಳು. ಶುದ್ಧಿ ನಡೆದದ್ದು ಹೊರಟು ನಿಂತ ಆ ಗಳಿಗೆಯಲ್ಲಿ. ಇನ್ನೊಬ್ಬರ ನೋವು ಅವಳಿಗೆ ಮೊದಲ ಸಲ ತನ್ನ ನೋವಿಗಿಂತ ದೊಡ್ಡದಾಗಿ ಕಂಡ ಗಳಿಗೆ ಅದು. ಕಾಡ್ಗಿಚ್ಚು ಅವಳ ಸಾವಷ್ಟೇ.

ಇದನ್ನು ರಾವಣನ ಪಕ್ಕದಲ್ಲಿಟ್ಟರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಕನ್ನಡದಲ್ಲಿ ರಾವಣನ ಮನಸ್ಸು ತಿರುಗುವ ಕತೆಗೆ ಹಳೆಯ ಪರಂಪರೆಯಿದೆ. ಹನ್ನೆರಡನೆಯ ಶತಮಾನದ ಆರಂಭದ ನಾಗಚಂದ್ರ ತನ್ನ 'ರಾಮಚಂದ್ರಚರಿತ ಪುರಾಣ'ದಲ್ಲಿ, ಜೈನ ರಾಮಾಯಣದ ದಾರಿಯಲ್ಲಿ, ಸೀತೆಯ ಮುಂದೆ ನಿಂತು ಪಶ್ಚಾತ್ತಾಪಪಡುವ ರಾವಣನನ್ನು ತಂದ. ಅಲ್ಲಿ ತಿರುವು ಎಲ್ಲಿದೆ ನೋಡಿ. ರಾವಣ ತನ್ನ ಪರಾಕ್ರಮ ಹೇಳಿಕೊಂಡು ರಾಮನ ಆಸೆ ಬಿಡು ಎನ್ನುತ್ತಾನೆ. ಸೀತೆ ಮೂರ್ಛೆ ಹೋಗುತ್ತಾಳೆ. ಕೆಳಗೆ ಬಿದ್ದ ಅವಳನ್ನು ಕಂಡಾಗ ಅವನ ಮನಸ್ಸಿನ ಕೆಸರು ಕೆಳಗಿಳಿಯುತ್ತದೆ. ಅಷ್ಟು ದಿನ ವಿರಹದಲ್ಲಿ ಬೆಂದದ್ದು ಅವನೇ. ಆ ಬೇಗೆ ಅವನಿಗೆ ಏನನ್ನೂ ಕಲಿಸಿರಲಿಲ್ಲ. ಬೇರೆ ಒಂದು ಜೀವದ ಸಂಕಟ ಕಣ್ಣಿಗೆ ಬಿದ್ದಾಗ ಕಲಿತ.

ಕುವೆಂಪು ನಾಗಚಂದ್ರನಿಂದ ಈ ಎಳೆಯನ್ನು ತೆಗೆದುಕೊಂಡು ಬಹಳ ಮುಂದಕ್ಕೆ ಒಯ್ದರು. ಅವರ ರಾವಣ ಯುದ್ಧದಲ್ಲಿ ತನ್ನವರನ್ನು ಒಬ್ಬೊಬ್ಬರಾಗಿ ಕಳೆದುಕೊಳ್ಳುತ್ತಾನೆ. ನಷ್ಟ ಹೆಚ್ಚಿದಷ್ಟೂ ಛಲ ಹೆಚ್ಚುತ್ತದೆ. ನೋವು ಅಹಂಕಾರಕ್ಕೆ ಮೇವಾಗಬಲ್ಲದು ಎಂಬುದನ್ನು ಕನ್ನಡದ ಓದುಗ ರನ್ನನ ದುರ್ಯೋಧನನಲ್ಲೂ ಕಂಡಿದ್ದಾನೆ. 'ದಶಾನನ ಸ್ವಪ್ನಸಿದ್ಧಿ'ಯಲ್ಲಿ ಬರುವ ಕನಸು ಆ ಮೇವನ್ನೇ ನಿಲ್ಲಿಸಿಬಿಡುತ್ತದೆ. ಕನಸಿನಲ್ಲಿ ರಾವಣ ಕೂಸಾಗುತ್ತಾನೆ, ಕುಂಭಕರ್ಣನೂ ಕೂಸಾಗುತ್ತಾನೆ, ಸೀತೆ ಇಬ್ಬರಿಗೂ ತಾಯಿಯಾಗಿ ಮೊಲೆಯೂಡಿಸುತ್ತಾಳೆ. ಎಚ್ಚರವಾದ ಮೇಲೆ ಅವನಿಗೆ ಅವಳು ಹೆಣ್ಣಾಗಿ ಕಾಣುವುದಿಲ್ಲ, ತಾಯಿಯಾಗಿ ಕಾಣುತ್ತಾಳೆ. ರಾಮನನ್ನು ಗೆದ್ದು ತಂದು ಅವಳಿಗೆ ಒಪ್ಪಿಸುತ್ತೇನೆ ಎಂಬ ನಿರ್ಧಾರಕ್ಕೆ ಬರುತ್ತಾನೆ. ಈ ನಿರ್ಧಾರದಲ್ಲಿ ಇನ್ನೂ ಗೆಲ್ಲುವ ಆಸೆ ಉಳಿದಿದೆ. ಕುವೆಂಪು ಅದನ್ನು ಮುಚ್ಚಿಡುವುದಿಲ್ಲ. ಒಂದು ರಾತ್ರಿಯಲ್ಲಿ ರಾವಣನನ್ನು ಸಂತನನ್ನಾಗಿ ಮಾಡಿಬಿಟ್ಟಿದ್ದರೆ ನಾವು ನಂಬುತ್ತಿರಲಿಲ್ಲ. ಅರ್ಧ ತಿರುಗಿದವನು ಎಂಬ ಕಾರಣಕ್ಕೇ ಅವನ ಸಾವು ನಮ್ಮನ್ನು ತಟ್ಟುತ್ತದೆ.

ಲಂಕೆಯಲ್ಲಿ ಬೆಳೆದವರು ಇನ್ನೂ ಕೆಲವರಿದ್ದಾರೆ. ವಿಭೀಷಣನ ಮಗಳು ಅನಲೆಗೆ ಕುವೆಂಪು ಕೊಟ್ಟ ಜಾಗ ದೊಡ್ಡದು. ಅವಳಿಗೆ ರಾಕ್ಷಸರು ತನ್ನವರು, ಸೀತೆ ಶತ್ರುವಿನ ಹೆಂಡತಿ. ಆದರೂ ಅವಳು ಅಶೋಕವನದಲ್ಲಿ ಸೀತೆಯ ಪಕ್ಕದಲ್ಲಿ ಕೂರುತ್ತಾಳೆ. ಸೀತೆಗೆ ನಿನ್ನ ನೋವಿನಿಂದ ಒಳ್ಳೆಯದಾಗುತ್ತದೆ ಎಂದು ಉಪದೇಶ ಮಾಡುವುದಕ್ಕಿಂತ ಪಕ್ಕದಲ್ಲಿ ಇರುವುದು ಕಷ್ಟದ ಕೆಲಸ. ಕಾವ್ಯ ಆ ಕೆಲಸವನ್ನು ಗುರುತಿಸುತ್ತದೆ.

ಊರ್ಮಿಳೆಯ ವಿಚಾರಕ್ಕೆ ಬಂದಾಗ ಈ ಓದು ಸ್ವಲ್ಪ ಎಡವುತ್ತದೆ, ಅದನ್ನೂ ಹೇಳಬೇಕು. ರಾಮಾಯಣದ ಕವಿಗಳು ಊರ್ಮಿಳೆಯನ್ನು ಮರೆತರು ಎಂದು ರವೀಂದ್ರನಾಥ ಟಾಗೋರರು ಒಂದು ಪ್ರಬಂಧದಲ್ಲಿ ಬೇಸರಪಟ್ಟಿದ್ದರು. ಹಿಂದಿಯಲ್ಲಿ ಮೈಥಿಲೀಶರಣ ಗುಪ್ತರು 'ಸಾಕೇತ' ಬರೆದರು. ಕನ್ನಡದಲ್ಲಿ ಕುವೆಂಪು ಅವಳನ್ನು ಸರಯೂ ತೀರದ ಎಲೆಮನೆಯಲ್ಲಿ ಹದಿನಾಲ್ಕು ವರ್ಷ ತಪಸ್ಸಿಗೆ ಕೂರಿಸಿದರು. ಕಾಡಿಗೆ ಹೋದವರ ಕ್ಷೇಮವನ್ನೇ ಧ್ಯಾನಿಸುವ ಚಿರತಪಸ್ವಿನಿ ಅವಳು. ಮರೆತುಹೋಗಿದ್ದವಳಿಗೆ ಇದು ದೊಡ್ಡ ಗೌರವ. ಆದರೂ ಇವತ್ತು ಓದುವ ವಿದ್ಯಾರ್ಥಿನಿಯೊಬ್ಬಳು ಕೇಳಬಹುದಾದ ಪ್ರಶ್ನೆ ಹಾಗೇ ಉಳಿಯುತ್ತದೆ. ಲಕ್ಷ್ಮಣ ಹೊರಡುವುದು ಅವಳು ಆರಿಸಿಕೊಂಡ ದಾರಿಯಲ್ಲ. ಮೇಲೆ ಬಂದು ಬಿದ್ದದ್ದಕ್ಕೆ ತಪಸ್ಸು ಎಂದು ಹೆಸರಿಟ್ಟವರು ಯಾರು, ಅವಳೋ ಕವಿಯೋ? ಅವಳೇ ಅದನ್ನು ತಪಸ್ಸಾಗಿ ಮಾಡಿಕೊಂಡಳು ಎಂದು ಕಾವ್ಯ ಹೇಳುತ್ತದೆ. ಮನೆಯೊಳಗೆ ಹೆಣ್ಣುಮಕ್ಕಳು ಅನುಭವಿಸುವ ಕಷ್ಟವನ್ನೆಲ್ಲ ವ್ರತ, ತಾಳ್ಮೆ, ತ್ಯಾಗ ಎಂದು ಕರೆದು ಸುಮ್ಮನಾಗಿಸುವ ಊರಿನಲ್ಲಿ ಬೆಳೆದವರಿಗೆ ಆ ಉತ್ತರ ಪೂರ್ತಿ ಸಾಲುವುದಿಲ್ಲ.

ಕಾವ್ಯ ಅಲ್ಲಿಗೇ ನಿಂತಿದ್ದರೆ ನನ್ನ ತಕರಾರು ಬಲವಾಗಿಯೇ ಉಳಿಯುತ್ತಿತ್ತು. ಆದರೆ ಶ್ರೀ ಸಂಪುಟದಲ್ಲಿ ಕುವೆಂಪು ಇಡೀ ರಾಮಾಯಣ ಪರಂಪರೆಯಲ್ಲೇ ಅಪರೂಪವಾದ ಕೆಲಸವೊಂದನ್ನು ಮಾಡುತ್ತಾರೆ.

ವಾಲ್ಮೀಕಿಯಲ್ಲಿ ಯುದ್ಧ ಮುಗಿದ ಮೇಲೆ ರಾಮ ಸೀತೆಯನ್ನು ಎಲ್ಲರೆದುರು ಕರೆಸಿ ಕಠೋರವಾಗಿ ಮಾತಾಡುತ್ತಾನೆ. ಸೀತೆ ಲಕ್ಷ್ಮಣನಿಗೆ ಚಿತೆ ಸಿದ್ಧ ಮಾಡಲು ಹೇಳಿ ಬೆಂಕಿಗೆ ಇಳಿಯುತ್ತಾಳೆ. ರಾಮ ನಿಂತಲ್ಲೇ ನಿಂತಿರುತ್ತಾನೆ. ಅಗ್ನಿ ಅವಳನ್ನು ಹೊತ್ತು ತಂದು ಒಪ್ಪಿಸುತ್ತಾನೆ. ಪರೀಕ್ಷೆ ಮಾಡಿದವನು ಒಂದು ಕಡೆ, ಪರೀಕ್ಷೆಗೆ ಒಳಗಾದವಳು ಇನ್ನೊಂದು ಕಡೆ. ನೋವಿನಿಂದ ಶುದ್ಧಿಯಾಗುತ್ತದೆ ಎಂದು ನಂಬುವ ಎಲ್ಲ ಕತೆಗಳಲ್ಲೂ ಈ ಎರಡು ಜಾಗಗಳಿರುತ್ತವೆ. ಬೆಂಕಿಯ ಒಳಗೆ ಒಬ್ಬರು, ಹೊರಗೆ ನಿಂತು ಫಲಿತಾಂಶ ನೋಡುವವರು ಒಬ್ಬರು.

ಕುವೆಂಪು ಅವರ ರಾಮ ಸೀತೆಯ ಹಿಂದೆಯೇ ಬೆಂಕಿಗೆ ಇಳಿಯುತ್ತಾನೆ. ಸುತ್ತ ನಿಂತವರು ಬೆಚ್ಚುತ್ತಾರೆ. ಇಬ್ಬರೂ ಉರಿಯೊಳಗೆ ಮರೆಯಾಗಿ, ಇಬ್ಬರೂ ಜೊತೆಯಾಗಿ ಹೊರಬರುತ್ತಾರೆ. ಈ ಪ್ರಸಂಗವನ್ನು ಗಂಡುಹೆಣ್ಣಿನ ಸಮಾನತೆಯ ದೃಷ್ಟಿಯಿಂದ ವಿವರಿಸುವ ರೂಢಿ ಇದೆ. ಅದು ಸರಿಯಾದ ವಿವರಣೆ. ವಾಲಿಯನ್ನು ಮರೆಯಲ್ಲಿ ನಿಂತು ಕೊಂದ ತಪ್ಪನ್ನು ಈ ಕಾವ್ಯದ ರಾಮ ಒಪ್ಪಿಕೊಂಡಿದ್ದಾನೆ, ಅವನಿಗೂ ಶುದ್ಧಿ ಬೇಕಿತ್ತು ಎಂದು ಓದುವುದಕ್ಕೂ ಅವಕಾಶವಿದೆ. ನಾನು ಇದಕ್ಕೆ ಒಂದು ಮಾತು ಸೇರಿಸಬಯಸುತ್ತೇನೆ. ಬೆಂಕಿಯ ಹೊರಗೆ ನಿಂತು ನೋಡುವ ಆ ಎರಡನೆಯ ಜಾಗವನ್ನೇ ಕುವೆಂಪು ಇಲ್ಲಿ ತೆಗೆದುಹಾಕಿದ್ದಾರೆ. ಬೆಂಕಿಯಲ್ಲಿ ಬೆಂದರೆ ಹೊಳಪು ಬರುತ್ತದೆ ಎಂದು ಹೇಳುವ ಹಕ್ಕು ಇರುವುದು ಇಳಿಯಲು ಸಿದ್ಧನಾದವನಿಗೆ ಮಾತ್ರ. ದೇವರಿಗೂ ಇದರಲ್ಲಿ ವಿನಾಯಿತಿ ಇಲ್ಲ. ಮಂಥರೆ ಭರತನ ನೋವನ್ನು ಕಂಡಳು, ರಾವಣ ಸೀತೆಯಲ್ಲಿ ತಾಯಿಯನ್ನು ಕಂಡ, ರಾಮನಿಗೆ ಕಾಣುವುದಷ್ಟೇ ಸಾಲಲಿಲ್ಲ. ನೋವಿಗೆ ಕಾರಣನಾದವನು ಅವನು. ಆದ್ದರಿಂದ ಅದರೊಳಗೆ ನಡೆದು ಹೋಗಬೇಕಾಯಿತು. ಕಾವ್ಯದಲ್ಲಿ ಆಧ್ಯಾತ್ಮಿಕ ಬೆಳವಣಿಗೆಯ ಅತಿ ಎತ್ತರದ ಹೆಜ್ಜೆ ಇದೇ. ಆ ಹೆಜ್ಜೆ ಇಟ್ಟವನು ಅತಿ ಹೆಚ್ಚು ಅಧಿಕಾರ ಇದ್ದವನು ಎಂಬುದು ಆಕಸ್ಮಿಕವಲ್ಲ.

ಇದು ಕುವೆಂಪು ಅವರ ಮನಸ್ಸಿನಲ್ಲಿ ಬಹಳ ದಿನಗಳಿಂದ ಇದ್ದ ವಿಚಾರ ಎಂಬುದಕ್ಕೆ 'ಶೂದ್ರ ತಪಸ್ವಿ' ಸಾಕ್ಷಿ. ಮಹಾಕಾವ್ಯ ನಡೆಯುತ್ತಿದ್ದ ಕಾಲದಲ್ಲೇ, 1944ರಲ್ಲಿ ಬಂದ ನಾಟಕ ಅದು. ಉತ್ತರಕಾಂಡದಲ್ಲಿ ಶೂದ್ರನಾದ ಶಂಬೂಕ ತಪಸ್ಸು ಮಾಡಿದ್ದಕ್ಕೆ ಬ್ರಾಹ್ಮಣನ ಮಗ ಸತ್ತನೆಂಬ ದೂರು ಬರುತ್ತದೆ, ರಾಮ ಶಂಬೂಕನ ತಲೆ ಕಡಿಯುತ್ತಾನೆ. ಕುವೆಂಪು ನಾಟಕದಲ್ಲಿ ರಾಮ ಬಿಟ್ಟ ಬ್ರಹ್ಮಾಸ್ತ್ರ ತಪಸ್ವಿಯ ಕಡೆ ಹೋಗದೆ ದೂರು ತಂದವನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಪುರಾಣದ ಕತೆಯನ್ನು ಹೀಗೆ ತಿರುಗಿಸಿದ್ದಕ್ಕೆ ಮಾಸ್ತಿಯವರು ಆಕ್ಷೇಪ ಎತ್ತಿದರು, ಕುವೆಂಪು ಉತ್ತರ ಕೊಟ್ಟರು. ಕನ್ನಡ ವಿಮರ್ಶೆಯ ಹೆಸರಾದ ಜಗಳಗಳಲ್ಲಿ ಅದೊಂದು.

ನಮ್ಮ ವಿಷಯಕ್ಕೆ ಈ ನಾಟಕ ಯಾಕೆ ಮುಖ್ಯ? ಶೂದ್ರ ಬಿಸಿಲಲ್ಲಿ ದುಡಿಯಬಹುದು, ಹಸಿದಿರಬಹುದು, ಬೈಸಿಕೊಳ್ಳಬಹುದು, ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಅದೇ ದೇಹದಂಡನೆಯನ್ನು ಅವನು ತಾನಾಗಿ, ದೇವರ ಕಡೆ ಮುಖ ಮಾಡಿ ಮಾಡಿದರೆ ಅದು ಅಪರಾಧ. ಕಷ್ಟ ಅವನಿಗೆ, ತಪಸ್ಸು ಇನ್ನೊಬ್ಬರಿಗೆ. ಕಷ್ಟಕ್ಕೂ ತಪಸ್ಸಿಗೂ ಇರುವ ಅಂತರ ನೋವಿನ ಪ್ರಮಾಣದಲ್ಲಿಲ್ಲ. ಅದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯದಲ್ಲಿ, ಅದಕ್ಕೆ ಅರ್ಥ ಕೊಡುವ ಅಧಿಕಾರದಲ್ಲಿದೆ. ಇದನ್ನು ಅರಿತವನು ಬಡವನ ಮುಂದೆ ನಿಂತು ಕಷ್ಟ ಒಳ್ಳೆಯದು ಎಂದು ಹೇಳಲಾರ.

ಕುವೆಂಪು ಅವರ ಕಾವ್ಯಕ್ಕೆ ಎದುರು ಮಾತಿನಂತೆ ನಿಲ್ಲುವ ಪುಸ್ತಕವೊಂದು ಇದೇ ಊರಿನ ಇನ್ನೊಬ್ಬ ಲೇಖಕರಿಂದ ಬಂತು. ಕುವೆಂಪುನಗರ ಎಂಬ ಹೆಸರಿನ ಬಡಾವಣೆಯಲ್ಲೇ ಹಲವು ವರ್ಷ ಬದುಕಿ, 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ ಎಸ್. ಎಲ್. ಭೈರಪ್ಪನವರ 'ಗೃಹಭಂಗ'. 1970ರಲ್ಲಿ ಪ್ರಕಟವಾದ ಈ ಕಾದಂಬರಿ ಸ್ವಾತಂತ್ರ್ಯಪೂರ್ವದ ತಿಪಟೂರು, ಚನ್ನರಾಯಪಟ್ಟಣ ಸೀಮೆಯ ಹಳ್ಳಿಗಳಲ್ಲಿ ನಡೆಯುತ್ತದೆ. ಭೈರಪ್ಪನವರ ಆತ್ಮಕಥೆ 'ಭಿತ್ತಿ' ಓದಿದವರಿಗೆ ಗೊತ್ತು, ಕಾದಂಬರಿಯಲ್ಲಿ ಬರುವ ಪ್ಲೇಗು ಅವರ ಮನೆಯನ್ನೇ ಹೊಕ್ಕು ಹೋದದ್ದು.

ನಂಜಮ್ಮ ಶಾನುಭೋಗರ ಮನೆಯ ಸೊಸೆ. ಗಂಡ ಚೆನ್ನಿಗರಾಯನಿಗೆ ಲೆಕ್ಕ ಬರೆಯಲು ಬಾರದು, ಹೊಟ್ಟೆಯೇ ಅವನ ಲೋಕ. ಅತ್ತೆ ಗಂಗಮ್ಮನ ಬಾಯಿಗೆ ಲಗಾಮಿಲ್ಲ. ಜಮೀನು ಕೈಬಿಟ್ಟು ಹೋಗುತ್ತದೆ. ಶಾನುಭೋಗಿಕೆಯ ಲೆಕ್ಕವನ್ನು ನಂಜಮ್ಮ ತಾನೇ ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚುತ್ತಾಳೆ, ಮಕ್ಕಳನ್ನು ಓದಿಸುತ್ತಾಳೆ. ಪ್ಲೇಗು ಬಂದು ಮಗಳು ಪಾರ್ವತಿಯನ್ನೂ ಮಗ ರಾಮಣ್ಣನನ್ನೂ ಬೆನ್ನುಬೆನ್ನಿಗೆ ಕೊಂಡೊಯ್ಯುತ್ತದೆ. ಆಮೇಲೆ ಅವಳನ್ನೂ.

ಒಂದೇ ಮನೆ, ಒಂದೇ ಬಡತನ, ಒಂದೇ ಸಾವು. ಚೆನ್ನಿಗರಾಯನೂ ಗಂಗಮ್ಮನೂ ಅದನ್ನೇ ಅನುಭವಿಸಿದವರು. ಅವರಲ್ಲಿ ಯಾವ ಬದಲಾವಣೆಯೂ ಇಲ್ಲ. ಸಂಕಟ ಅವರ ಮೇಲೆ ಬಂಡೆಯ ಮೇಲಿನ ಮಳೆಯಂತೆ ಹರಿದುಹೋಗುತ್ತದೆ. ನಂಜಮ್ಮ ದೊಡ್ಡವಳು ಎಂದು ನಮಗೆ ಅನಿಸುತ್ತದೆ, ಆದರೆ ಕಷ್ಟ ಅವಳನ್ನು ದೊಡ್ಡವಳನ್ನಾಗಿ ಮಾಡಿತು ಎಂದು ಭೈರಪ್ಪ ಎಲ್ಲಿಯೂ ಹೇಳುವುದಿಲ್ಲ. ಅವಳು ಕಷ್ಟ ಇದ್ದಾಗ್ಯೂ ದೊಡ್ಡವಳಾಗಿ ಉಳಿದಳು. 'ಕಷ್ಟದಿಂದ' ಮತ್ತು 'ಕಷ್ಟ ಇದ್ದಾಗ್ಯೂ' ಎಂಬ ಈ ಎರಡು ಮಾತುಗಳ ನಡುವಿನ ಅಂತರ ಚಿಕ್ಕದಾಗಿ ಕಾಣುತ್ತದೆ. ಇಡೀ ಚರ್ಚೆ ಆ ಅಂತರದಲ್ಲಿದೆ. ಕಾದಂಬರಿಯಲ್ಲಿ ಅವಳಿಗೆ ಬಹುಮಾನ ಸಿಗುವುದಿಲ್ಲ. ಸಾಯುವ ಹೊತ್ತಿಗೆ ದರ್ಶನವಾಗುವುದಿಲ್ಲ. ಲೇಖಕ ಅವಳ ಸಾವಿಗೆ ಯಾವ ಅರ್ಥವನ್ನೂ ಹೊದಿಸದೆ, ನಡೆದದ್ದನ್ನು ನಡೆದಂತೆ ಇಡುತ್ತಾರೆ. ಕೊನೆಗೆ ಉಳಿದ ಹುಡುಗ ವಿಶ್ವನ ಕೈ ಹಿಡಿಯುವವರು ಭಿಕ್ಷೆ ಬೇಡಿ ಬದುಕುವ ಮಹಾದೇವಯ್ಯನವರು. ತಮ್ಮದಲ್ಲದ ಮನೆಯ ನೋವನ್ನು ತಮ್ಮದೆಂದು ಎತ್ತಿಕೊಂಡವರು. ಇಡೀ ಪುಸ್ತಕದಲ್ಲಿ ಅಧ್ಯಾತ್ಮ ಎಂದು ಕರೆಯಬಹುದಾದದ್ದು ಇದ್ದರೆ ಅದು ಆ ಹಿಡಿದ ಕೈಯಲ್ಲಿದೆ.

ಕುವೆಂಪು ಕಾವ್ಯದಲ್ಲಿ ವಿಶ್ವಕ್ಕೊಂದು ಅರ್ಥವಿದೆ, ಯಾವ ಕಣ್ಣೀರೂ ವ್ಯರ್ಥವಾಗುವುದಿಲ್ಲ. ಭೈರಪ್ಪ ಕಾದಂಬರಿಯಲ್ಲಿ ಅಂಥ ಭರವಸೆ ಇಲ್ಲ. ಅಲ್ಲಿ ಬಹಳಷ್ಟು ಕಣ್ಣೀರು ಮಣ್ಣಿಗೆ ಬಿದ್ದು ಒಣಗಿಹೋಗುತ್ತದೆ. ಇಬ್ಬರ ನಂಬಿಕೆಗಳನ್ನು ಒಂದು ಮಾಡಲು ನಾನು ಹೊರಟಿಲ್ಲ. ಆದರೂ ಬೇರೆ ಬೇರೆ ದಿಕ್ಕಿನಿಂದ ಬಂದ ಈ ಇಬ್ಬರೂ ಒಂದು ವಿಚಾರದಲ್ಲಿ ಒಂದೇ ಮಾತು ಹೇಳುತ್ತಾರೆ. ತನ್ನ ನೋವು ಮನುಷ್ಯನಿಗೆ ತಾನಾಗಿ ಏನನ್ನೂ ಕೊಡುವುದಿಲ್ಲ. ಅವನು ಇನ್ನೊಬ್ಬರ ನೋವಿನ ಕಡೆಗೆ ತಿರುಗಿದರೆ ಏನಾದರೂ ಆಗಬಹುದು.

ಇಲ್ಲಿ ಮೂರನೆಯ ಪುಸ್ತಕವೊಂದನ್ನು ನೆನೆಯದೆ ಮುಗಿಸುವುದು ನ್ಯಾಯವಲ್ಲ. ಮೈಸೂರಿನಲ್ಲೇ ನೆಲೆಸಿರುವ ದೇವನೂರ ಮಹಾದೇವ ಅವರ 'ಒಡಲಾಳ'. ಕಳೆದುಹೋದ ಹುಂಜವನ್ನು ಹುಡುಕುವ ಸಾಕವ್ವ, ಸಾಹುಕಾರ ಎತ್ತಪ್ಪನ ಕಡೆಯಿಂದ ಕದ್ದು ತಂದ ಕಡ್ಲೆಕಾಯಿ, ರಾತ್ರಿಯಿಡೀ ಇಡೀ ಕುಟುಂಬ ಸುತ್ತ ಕೂತು ಅದನ್ನು ತಿನ್ನುವ ಸಂಭ್ರಮ, ಗೋಡೆಯ ಮೇಲೆ ಪುಟ್ಟಗೌರಿ ಬಿಡಿಸಿದ ನವಿಲು, ಬೆಳಗಾದರೆ ಬಾಗಿಲಿಗೆ ಬರುವ ಪೊಲೀಸರು. ಆ ಮನೆಯಲ್ಲಿ ಹಸಿವಿದೆ. ಹಸಿವಿನಿಂದ ಯಾರೂ ಪಾವನರಾಗುವುದಿಲ್ಲ. ಹೊಟ್ಟೆ ತುಂಬ ತಿಂದ ಒಂದೇ ರಾತ್ರಿ ಅವರು ನಗುತ್ತಾರೆ, ಮಾತಾಡುತ್ತಾರೆ, ಒಬ್ಬರ ಮೇಲೊಬ್ಬರಿಗೆ ಅಕ್ಕರೆ ಉಕ್ಕುತ್ತದೆ. ಉಪವಾಸದಲ್ಲಿ ಆತ್ಮ ಅರಳುತ್ತದೆ ಎಂಬ ನಮ್ಮ ಹಳೆಯ ನಂಬಿಕೆಗೆ ದೇವನೂರರು ಒಂದು ರಾಶಿ ಕಡ್ಲೆಕಾಯಿಯನ್ನು ಎದುರಿಟ್ಟಿದ್ದಾರೆ. ಉಪವಾಸ ಮಾಡುವುದಕ್ಕೂ ಉಪವಾಸ ಬೀಳುವುದಕ್ಕೂ ಇರುವ ಅಂತರ ಶಂಬೂಕನ ಕತೆಯಲ್ಲಿ ಕಂಡ ಅಂತರವೇ.

ಇಷ್ಟು ಹೇಳಿದ ಮೇಲೆ 'ಶ್ರೀ ರಾಮಾಯಣ ದರ್ಶನಂ' ಬಗ್ಗೆ ಒಂದು ದೂರನ್ನೂ ದಾಖಲಿಸಬೇಕು. ಅದರಲ್ಲಿ ಉದ್ಧಾರ ಕೆಲವೊಮ್ಮೆ ಬಹಳ ವಿಶಾಲವಾಗಿದೆ. ಹೆಸರಿರುವ ಎಲ್ಲರಿಗೂ ಏರುವ ಮೆಟ್ಟಿಲು ಸಿಗುತ್ತದೆ. ಹೆಸರಿಲ್ಲದೆ ಸತ್ತ ರಾಕ್ಷಸರ, ಕಪಿಗಳ ಹೆಂಡಿರು ಮಕ್ಕಳು ಯಾವ ದರ್ಶನಕ್ಕೆ ಸೇರಿದರು ಎಂಬ ಪ್ರಶ್ನೆಗೆ ಮಹಾಕಾವ್ಯದ ವಿಶ್ವಾಸ ಪೂರ್ತಿ ಉತ್ತರ ಕೊಡುವುದಿಲ್ಲ. ಇದೇ ಕವಿ 'ಶ್ಮಶಾನ ಕುರುಕ್ಷೇತ್ರ'ದಲ್ಲಿ ಯುದ್ಧ ಮುಗಿದ ಬಯಲಿನ ಕತ್ತಲೆಯನ್ನು ನೋಡಿದವರು, 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಯಾರೂ ಲೆಕ್ಕಕ್ಕೆ ಇಡದ ಜೀತದಾಳುಗಳನ್ನು ನಾಯಕರ ಪಕ್ಕದಲ್ಲಿ ಕೂರಿಸಿದವರು ಎಂಬುದು ಸಮಾಧಾನದ ಮಾತು. ಒಂದು ಪುಸ್ತಕದಲ್ಲಿ ಬಿಟ್ಟದ್ದನ್ನು ಇನ್ನೊಂದರಲ್ಲಿ ಹುಡುಕಬೇಕಾಗುತ್ತದೆ. ದೊಡ್ಡ ಲೇಖಕರನ್ನು ಓದುವುದೆಂದರೆ ಹಾಗೇ.

ಸಂಕಟದಿಂದ ಆತ್ಮ ಬೆಳೆಯುತ್ತದೆಯೇ ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂಬ ಉತ್ತರ ಸಾಹಿತ್ಯದಿಂದ ಸಿಗುವುದಿಲ್ಲ. ಪ್ರಶ್ನೆ ಕೇಳುವವನು ಎಲ್ಲಿ ನಿಂತಿದ್ದಾನೆ ಎಂದು ಅದು ಕೇಳುತ್ತದೆ. ನೋವಿನ ಒಳಗಿರುವವಳು ತಾನೇ ಹೌದು, ಇದರಿಂದ ನನಗೇನೋ ತಿಳಿಯಿತು ಎಂದರೆ ಆ ಮಾತಿಗೆ ತಲೆಬಾಗಬೇಕು. ಅದನ್ನು ಹೇಳುವ ಹಕ್ಕು ಅವಳದು. ಹೊರಗೆ ನಿಂತ ನಾವು ಅದೇ ಮಾತನ್ನು ಅವಳಿಗೆ ಹೇಳಿದರೆ ಅರ್ಥ ಬೇರೆಯಾಗುತ್ತದೆ. ಆಗ ನಾವು ಬೆಂಕಿಗೆ ಇನ್ನೊಂದು ಸೌದೆ ಹಾಕಿದಂತೆ.

ಮುಂದಿನ ಸಲ ಸಾವಿನ ಮನೆಯಲ್ಲೋ ಆಸ್ಪತ್ರೆಯ ಕಾರಿಡಾರಿನಲ್ಲೋ ಎಲ್ಲವೂ ಒಳ್ಳೆಯದಕ್ಕೇ ಎಂಬ ಮಾತು ನಾಲಿಗೆಗೆ ಬಂದಾಗ, ಸೀತೆ ಚಿತೆ ಹತ್ತಿದ ಮೇಲಿನ ಆ ಒಂದು ಗಳಿಗೆಯನ್ನು ನೆನೆದುಕೊಳ್ಳಬಹುದು. ವಾಲ್ಮೀಕಿಯ ರಾಮ ಅಲ್ಲಿ ನಿಂತಿದ್ದ. ಹತ್ತು ವರ್ಷ ಕೂತು ಬರೆದ ಕವಿಗೆ ಅವನನ್ನು ಹಾಗೆ ನಿಲ್ಲಲು ಬಿಡಲಾಗಲಿಲ್ಲ.